ಚಂದ್ರನ ಕಲ್ಲಿಗೆ ರಾಯಲ್ಟಿ ಯಾರಿಗೆ?



2023ರ ಆಗಸ್ಟ್ 23ರ ಸಂಜೆ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಹತ್ತು ಹದಿನೈದು ಜನ ಸೇರಿದ್ದರು. ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದಾಗ ಟಿ.ವಿ.ಯಲ್ಲಿ ಬೆಂಗಳೂರಿನ ವಿಜ್ಞಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಇತ್ತ ನಾವೂ ತಟ್ಟಿದೆವು. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಶಹಾಬಾದ್ ಕಡೆಯ ಕಲ್ಲಿನ ಖಣಿಯ ಮನೆತನದವನು, ಚಹದ ಕಪ್ಪು ಕೆಳಗಿಟ್ಟು ಕೇಳಿದ: “ಸರ್ರ, ಅಲ್ಲಿನೂ ಕಲ್ಲೇ ಅದಾವಲ್ಲ. ಅವನ್ನ ಇಲ್ಲಿಗಿ ತಂದ್ರ ರಾಯಲ್ಟಿ ಯಾರಿಗಿ ಕಟ್ಟಬೇಕ್ರಿ?”

ಎಲ್ಲರೂ ನಕ್ಕರು. ನಾನೂ ನಕ್ಕು, “ನಾಳೆ ಹೇಳ್ತೀನಿ” ಎಂದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹೀಗೆ ಹೇಳುವುದು ಮಾಸ್ತರಿಕೆಯ ಹಳೆಯ ಉಪಾಯವೆಂಬುದು ನನ್ನ ಕೈಯಲ್ಲಿ ಕಲಿತ ನಿಮಗೆಲ್ಲ ತಿಳಿದೇ ಇದೆ. ಆ ‘ನಾಳೆ’ ಬಹಳ ದೂರ ಹೋಯಿತು. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಅದು ನಗುವ ಪ್ರಶ್ನೆಯಲ್ಲವೆಂದು ತಿಳಿಯಿತು. ವಿಯೆನ್ನಾದಲ್ಲಿ ದೇಶದೇಶಗಳ ಪ್ರತಿನಿಧಿಗಳು ಕುಳಿತು ಚರ್ಚಿಸುತ್ತಿರುವುದು ಇದೇ ಪ್ರಶ್ನೆಯನ್ನು.

ನಮ್ಮ ಭಾಗದವನಿಗೇ ಈ ಪ್ರಶ್ನೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳ ಬದುಕು ಸುಣ್ಣದ ಕಲ್ಲಿನ ಮೇಲೆ ನಿಂತಿದೆ. ಭೂವಿಜ್ಞಾನಿಗಳು ‘ಭೀಮಾ ಸಮೂಹ’ವೆಂದು ಕರೆಯುವ ಈ ಶಿಲೆ ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಇರುವುದರಿಂದ ಉಳಿ ಹೊಡೆದರೆ ಫರ್ಸಿಯಾಗಿ ಏಳುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯಲ್ಲಿಯೂ ಅದೇ ಕಲ್ಲು, ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಹಾಸಿನಲ್ಲಿಯೂ ಅದೇ ಕಲ್ಲು. ಅರೆದು ಸುಟ್ಟರೆ ಸಿಮೆಂಟು. ವಾಡಿಯ ಚಿಮಣಿಗಳನ್ನು ರೈಲಿನ ಕಿಟಕಿಯಿಂದ ನೋಡದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ.

ಚಿತ್ತಾಪುರ ತಾಲೂಕಿನಲ್ಲಿ ನಮ್ಮ ತಂದೆಯವರಿಗೆ ನಾಲ್ಕೆಕರೆ ಹೊಲವಿತ್ತು. ತೊಗರಿ, ಜೋಳ ಬೆಳೆಯುತ್ತಿದ್ದೆವು. ಮೊಳಕಾಲುದ್ದ ಮಣ್ಣು ತೆಗೆದರೆ ಕೆಳಗೆ ಕಲ್ಲು. ನಾನು ಕಾಲೇಜಿನಲ್ಲಿದ್ದಾಗ ಒಬ್ಬ ಗುತ್ತಿಗೆದಾರ ಬಂದು ಎರಡು ಎಕರೆಯಲ್ಲಿ ಕಲ್ಲು ತೆಗೆಯಲು ಒಂದು ಮೊತ್ತ ಮಾತಾಡಿದ. ಸ್ಟಾಂಪ್ ಕಾಗದದ ಮೇಲೆ ತಂದೆಯವರ ಸಹಿಯಾಯಿತು. ಕಾಗದದಲ್ಲಿ ಎಷ್ಟು ಆಳ, ಎಷ್ಟು ವರ್ಷ, ಕೊನೆಗೆ ತಗ್ಗು ಮುಚ್ಚುವವರು ಯಾರು ಎಂಬುದು ಇರಲಿಲ್ಲ. ಅವನು ಹೋದ ಮೇಲೆ ಉಳಿದದ್ದು ಹಸಿರು ನೀರು ತುಂಬಿದ ತಗ್ಗು. ಅದರಲ್ಲಿ ನಮ್ಮ ಒಂದು ಎಮ್ಮೆಕರು ಬಿದ್ದು ಸತ್ತಿತು. ತಂದೆಯವರು ಅವನನ್ನು ಬೈಯಲಿಲ್ಲ. “ಅವನ ಬಳಿ ಯಂತ್ರ ಇತ್ತು, ನಮ್ಮ ಬಳಿ ನೆಲ ಇತ್ತು” ಎಂದಷ್ಟೇ ಹೇಳುತ್ತಿದ್ದರು. ಅದೇ ಖಣಿಗಳ ಕೂಲಿಯಿಂದ ಓದಿ ಮುಂದೆ ಬಂದ ಮಕ್ಕಳಿಗೂ ನಾನು ಪಾಠ ಹೇಳಿದ್ದೇನೆ. ಆದ್ದರಿಂದ ಖಣಿಯೇ ಬೇಡವೆಂಬ ಮಾತು ನನ್ನ ಬಾಯಿಂದ ಬರುವುದಿಲ್ಲ.

ನೆಲದ ಒಡೆಯನೇ ಅದರ ಕೆಳಗಿನದಕ್ಕೂ ಒಡೆಯನೇ? ನಮ್ಮ ದೇಶದಲ್ಲಿ ಇದೂ ಇತ್ಯರ್ಥಕ್ಕೆ ಬರಲು ಬಹಳ ಕಾಲ ಹಿಡಿಯಿತು. ಖನಿಜ ತೆಗೆಯಲು ಪರವಾನಿಗೆ ಬೇಕು, ಟನ್ನಿನ ಲೆಕ್ಕದಲ್ಲಿ ಸರ್ಕಾರಕ್ಕೆ ರಾಯಲ್ಟಿ ಕಟ್ಟಬೇಕು ಎಂಬುದು 1957ರ ಗಣಿ ಮತ್ತು ಖನಿಜಗಳ ಕಾಯಿದೆಯ ವ್ಯವಸ್ಥೆ. ಆದರೆ ಕೇರಳದ ಮಲಬಾರ್ ಕಡೆಯ ಜಮೀನುಗಳ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಕಾನೂನಿನ ಕ್ರಮದಿಂದ ಕಸಿದುಕೊಂಡಿರದಿದ್ದರೆ ಕೆಳಗಿನ ಖನಿಜವೂ ಭೂಮಾಲೀಕನದೇ ಎಂದಿತು. 2015ರ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲೂ ಖನಿಜ ಪ್ರತಿಷ್ಠಾನವೊಂದು ಬಂದು, ಗಣಿಯಿಂದ ಬಾಧಿತರಾದ ಜನರಿಗಾಗಿ ಗುತ್ತಿಗೆದಾರರು ಹಣ ಕಟ್ಟಬೇಕೆಂದಾಯಿತು. ನಮ್ಮ ತಂದೆಯವರ ಕಾಲಕ್ಕೆ ಇದು ಇರಲಿಲ್ಲ.

ಈಗ ಮರತೂರಿಗೆ ಬರೋಣ. ಶಹಾಬಾದಿನ ಪಕ್ಕದ ಈ ಊರಿನಲ್ಲಿ ವಿಜ್ಞಾನೇಶ್ವರ ಇದ್ದನೆಂಬುದು ನಮ್ಮ ಕಡೆಯ ನಂಬಿಕೆ. ಬಸವಕಲ್ಯಾಣದ ಬಳಿಯ ಮಾಸಿಮಾಡು ಅವನ ಊರೆಂದು ಹೇಳುವವರೂ ಇದ್ದಾರೆ. ಆ ಜಗಳ ನಮಗೆ ಬೇಡ. 1076ರಿಂದ 1126ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಬ್ರಿಟಿಷರ ನ್ಯಾಯಾಲಯಗಳಲ್ಲಿ ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ದೇಶದ ಬಹುಭಾಗದ ಹಿಂದೂಗಳ ಆಸ್ತಿಗೆ ಆಧಾರವಾಯಿತು. ಹತ್ತನೆಯ ತರಗತಿಯಲ್ಲಿ ಇದನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದೆ. ತಪ್ಪು ನನ್ನದೇ.

ಮಿತಾಕ್ಷರಾದಲ್ಲಿ ‘ಸ್ವತ್ವ’, ಅಂದರೆ ಒಡೆತನ ಹೇಗೆ ಹುಟ್ಟುತ್ತದೆ ಎಂಬ ದೊಡ್ಡ ಚರ್ಚೆಯಿದೆ. ಗೌತಮ ಧರ್ಮಸೂತ್ರ ಹೇಳಿದ ದಾರಿಗಳನ್ನು ವಿಜ್ಞಾನೇಶ್ವರ ವಿವರಿಸುತ್ತಾನೆ. ರಿಕ್ಥ, ಕ್ರಯ, ಸಂವಿಭಾಗ ಎಂಬ ಮೂರು ನಮಗೆ ಗೊತ್ತಿರುವಂಥವೇ: ಪಿತ್ರಾರ್ಜಿತ, ಕೊಂಡದ್ದು, ಪಾಲಿನಲ್ಲಿ ಬಂದದ್ದು. ನಾಲ್ಕನೆಯದು ಪರಿಗ್ರಹ. ಇದಕ್ಕೆ ಅವನು ಕೊಡುವ ಉದಾಹರಣೆ, ಮೊದಲು ಯಾರದೂ ಆಗಿರದ ನೀರು, ಹುಲ್ಲು, ಕಟ್ಟಿಗೆ ಮುಂತಾದವನ್ನು ತೆಗೆದುಕೊಳ್ಳುವುದು. ಐದನೆಯದು ಅಧಿಗಮ, ನಿಧಿ ಮೊದಲಾದವು ಸಿಕ್ಕುವುದು. ಅಡವಿ ಯಾರದೂ ಅಲ್ಲ, ಆದರೆ ಕಡಿದು ಹೊತ್ತು ತಂದ ಕಟ್ಟಿಗೆ ಹೊತ್ತು ತಂದವನದು. ಚಂದ್ರನ ಕಲ್ಲಿನ ವಾದದಲ್ಲಿ ಈಗ ಅಮೆರಿಕದ ವಕೀಲರು ಆಡುತ್ತಿರುವುದು ಬಹುಮಟ್ಟಿಗೆ ಇದೇ ಮಾತು. ಅವರು ಕಟ್ಟಿಗೆಯ ಬದಲು ಮೀನಿನ ಉದಾಹರಣೆ ಕೊಡುತ್ತಾರೆ. ಸಮುದ್ರ ಯಾರದೂ ಅಲ್ಲ, ಬಲೆಗೆ ಬಿದ್ದ ಮೀನು ಮೀನುಗಾರನದು.

ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ತತ್ತ್ವವೂ ಇದೆ. ಅಜ್ಜನ ಆಸ್ತಿಯಲ್ಲಿ ಮೊಮ್ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆದ್ದರಿಂದ ಸ್ಥಿರಾಸ್ತಿಯನ್ನು ತಂದೆ ತನ್ನ ಇಚ್ಛೆಯಂತೆ ಪರಭಾರೆ ಮಾಡುವಂತಿಲ್ಲ, ಮುಂದೆ ಹುಟ್ಟಲಿರುವವರ ಜೀವನೋಪಾಯವನ್ನೂ ನೆನೆಯಬೇಕು. ಇದರಲ್ಲಿ ಹೆಣ್ಣುಮಕ್ಕಳಿಗೆ ಪಾಲಿರಲಿಲ್ಲವೆಂಬುದನ್ನು ಮರೆಯಬಾರದು. ಅದನ್ನು ಸರಿಪಡಿಸಲು ಕರ್ನಾಟಕದಲ್ಲಿ 1994ರವರೆಗೆ, ಇಡೀ ದೇಶದಲ್ಲಿ 2005ರವರೆಗೆ ಕಾಯಬೇಕಾಯಿತು. ‘ಎಲ್ಲರದು’ ಎಂದಾಗ ಆ ‘ಎಲ್ಲರಲ್ಲಿ’ ಯಾರು ಯಾರು ಸೇರುತ್ತಾರೆ ಎಂದು ಕೇಳುವ ಚಟ ನನಗೆ ಅಂಟಿದ್ದು ಇಲ್ಲಿಂದಲೇ.

ಇರಲಿ, ಆಕಾಶಕ್ಕೆ ಬರುತ್ತೇನೆ. 1967ರ ಜನವರಿ 27ರಂದು ಬಾಹ್ಯಾಕಾಶ ಒಪ್ಪಂದ ಸಹಿಗೆ ತೆರೆಯಿತು, ಅದೇ ಅಕ್ಟೋಬರ್ 10ರಂದು ಜಾರಿಗೆ ಬಂತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಒಬ್ಬರಿಗೊಬ್ಬರು ಹೆದರಿದ್ದ ಕಾಲವದು. ಚಂದ್ರನನ್ನು ಎದುರಾಳಿ ಮೊದಲು ಮುಟ್ಟಿ ಬಾವುಟ ನೆಟ್ಟು ‘ನಮ್ಮದು’ ಎಂದುಬಿಟ್ಟರೆ? ಆ ಭಯವೇ ಒಪ್ಪಂದದ ತಾಯಿ. ಬಾಹ್ಯಾಕಾಶವನ್ನಾಗಲಿ ಚಂದ್ರ ಮೊದಲಾದ ಆಕಾಶಕಾಯಗಳನ್ನಾಗಲಿ ಯಾವ ದೇಶವೂ ಸಾರ್ವಭೌಮತ್ವದ ಹೆಸರಿನಲ್ಲಿ, ಬಳಕೆ ಅಥವಾ ವಾಸದ ಮೂಲಕ, ಬೇರಾವ ರೀತಿಯಿಂದಲೂ ತನ್ನದಾಗಿಸಿಕೊಳ್ಳುವಂತಿಲ್ಲ ಎಂಬುದು ಅದರ ಎರಡನೆಯ ವಿಧಿ. ಆರನೆಯ ವಿಧಿಯಂತೆ ಖಾಸಗಿ ಕಂಪನಿಗಳು ಅಲ್ಲಿ ಏನು ಮಾಡಿದರೂ ಹೊಣೆ ಅವುಗಳ ದೇಶದ್ದು. ಭಾರತ 1967ರ ಮಾರ್ಚಿನಲ್ಲಿ ಸಹಿ ಹಾಕಿ 1982ರ ಜನವರಿ 18ರಂದು ಅನುಮೋದಿಸಿತು. ನೆಲ ಯಾರದೂ ಅಲ್ಲವೆಂಬುದು ಹೀಗೆ ಸ್ಪಷ್ಟವಾಯಿತು. ನೆಲದಿಂದ ಎತ್ತಿದ ಕಲ್ಲು ಯಾರದು ಎಂಬ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. ನಮ್ಮ ತಂದೆಯವರ ಸ್ಟಾಂಪ್ ಕಾಗದದಂತೆಯೇ.

ಆಕಾಶದಲ್ಲಿಯೂ ಜಾಗದ ಜಗಳ ಇರುತ್ತದೆಂದು ನಮ್ಮ ಜಿಲ್ಲೆಗೆ ಮೊದಲೇ ತಿಳಿಯಬೇಕಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಹಿರಿಯರಿಗೆ ನೆನಪಿರಬಹುದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ನನಗೆ ಆಗ ಹದಿನೇಳು. ಸೋದರಮಾವನ ಊರಿನ ಶಾಲೆಯ ಮುಂದೆ ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಬೋಗುಣಿಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಸಂಜೆಯಾದರೆ ಇಡೀ ಊರು ಅಂಗಳದಲ್ಲಿ. ಕನ್ನಡದಲ್ಲಿ ಒಕ್ಕಲುತನದ ಮಾತು, ಹಾಡು. ಆ ಉಪಗ್ರಹ, ಎ.ಟಿ.ಎಸ್.-6, ಅಮೆರಿಕದ್ದು, ಕಡ ತಂದದ್ದು. ವರ್ಷ ತುಂಬುತ್ತಲೇ ಅವರು ಅದನ್ನು ವಾಪಸು ಸರಿಸಿಕೊಂಡರು. ಮುಂದೆ ಮಾವನ ಊರಿಗೆ ಹೋದಾಗ ಜಾಳಿಗೆ ಮಾತ್ರ ಹಾಗೆಯೇ ನಿಂತಿತ್ತು.

ಸೈಟ್ ಮುಗಿದ ಅದೇ 1976ರ ಡಿಸೆಂಬರಿನಲ್ಲಿ ಸಮಭಾಜಕ ವೃತ್ತದ ಮೇಲಿನ ಕೆಲವು ದೇಶಗಳು ಕೊಲಂಬಿಯಾದ ಬೊಗೊಟಾದಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದವು. ತಮ್ಮ ತಲೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಭೂಸ್ಥಿರ ಕಕ್ಷೆಯ ಭಾಗ ತಮ್ಮದೇ ನೈಸರ್ಗಿಕ ಸಂಪತ್ತು, ಅಲ್ಲಿ ಉಪಗ್ರಹ ನಿಲ್ಲಿಸುವವರು ತಮ್ಮ ಅಪ್ಪಣೆ ಪಡೆಯಬೇಕು ಎಂದು. ಜಗತ್ತು ಒಪ್ಪಲಿಲ್ಲ. ಒಪ್ಪದಿದ್ದದ್ದು ಕಾನೂನಿನ ದೃಷ್ಟಿಯಿಂದ ಸರಿಯೇ. ಆದರೆ ಅವರ ಅಳಲು ಸುಳ್ಳಾಗಿರಲಿಲ್ಲ. ಒಳ್ಳೆಯ ಜಾಗಗಳನ್ನು ಮೊದಲು ಬಂದವರು ಹಿಡಿದುಬಿಟ್ಟರೆ ಕೊನೆಗೆ ಬಂದ ಬಡದೇಶಕ್ಕೆ ಏನು ಉಳಿಯುತ್ತದೆ?

ಈ ಅಳಲಿಗೆ ಉತ್ತರವಾಗಿ ಬಂದ ಕಲ್ಪನೆಯೇ ‘ಮಾನವಕುಲದ ಸಮಾನ ಪರಂಪರೆ’. ಮಾಲ್ಟಾ ಎಂಬ ಪುಟ್ಟ ದೇಶದ ಪ್ರತಿನಿಧಿ ಆರ್ವಿಡ್ ಪಾರ್ಡೊ 1967ರಲ್ಲಿ ಆಳಸಮುದ್ರದ ತಳದ ಬಗ್ಗೆ ವಿಶ್ವಸಂಸ್ಥೆಯಲ್ಲಿ ಈ ವಾದವನ್ನು ಮಂಡಿಸಿದರು. ಅದು 1982ರ ಸಮುದ್ರ ಕಾನೂನಿನಲ್ಲಿ ಸೇರಿತು. ಭಾರತ 1987ರಲ್ಲಿ ಆ ವ್ಯವಸ್ಥೆಯಡಿ ನೋಂದಾಯಿತವಾದ ಮೊದಲ ‘ಪಯೋನಿಯರ್’ ಹೂಡಿಕೆದಾರನಾಗಿ ಹಿಂದೂ ಮಹಾಸಾಗರದ ತಳದಲ್ಲಿ ಅನ್ವೇಷಣೆಯ ಹಕ್ಕು ಪಡೆಯಿತು. ಚಂದ್ರನಿಗೂ ಇದೇ ತತ್ತ್ವವನ್ನು ಅನ್ವಯಿಸಿ 1979ರಲ್ಲಿ ‘ಚಂದ್ರ ಒಪ್ಪಂದ’ ಸಿದ್ಧವಾಯಿತು. ಚಂದ್ರನ ಸಂಪತ್ತು ಎಲ್ಲರದು, ಅದನ್ನು ತೆಗೆಯುವ ಕಾಲ ಬಂದಾಗ ಒಂದು ಅಂತರರಾಷ್ಟ್ರೀಯ ವ್ಯವಸ್ಥೆ ಮಾಡಬೇಕು, ಬಂದ ಲಾಭದಲ್ಲಿ ಹಿಂದುಳಿದ ದೇಶಗಳಿಗೂ ನ್ಯಾಯವಾದ ಪಾಲು ಸಿಗಬೇಕು ಎಂಬುದು ಅದರ ಹನ್ನೊಂದನೆಯ ವಿಧಿಯ ತಾತ್ಪರ್ಯ. ಮರತೂರಿನ ಜನ್ಮಸ್ವತ್ವವೇ ಇಂಗ್ಲಿಷ್ ಉಡುಪು ಧರಿಸಿ ಬಂದಂತೆ ನನಗೆ ಕಂಡಿತು.

1984ರಲ್ಲಿ ಅದು ಜಾರಿಗೆ ಬಂತಾದರೂ ಸೇರಿದ ದೇಶಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. ಅಮೆರಿಕ, ರಷ್ಯಾ, ಚೀನಾ ಮೂವರೂ ದೂರವೇ ಉಳಿದರು. 2024ರಲ್ಲಿ ಸೌದಿ ಅರೇಬಿಯಾ ಹೊರಬಂದಿತು. ಭಾರತ 1982ರ ಜನವರಿ 18ರಂದು ಸಹಿ ಹಾಕಿತು, ಅನುಮೋದಿಸಲಿಲ್ಲ. ನಿಶ್ಚಯ ಮಾಡಿಕೊಂಡು ಮದುವೆಯ ಮುಹೂರ್ತ ಇಡದವರಂತೆ ನಾಲ್ಕು ದಶಕ ಕಳೆದಿದ್ದೇವೆ.

ಇಲ್ಲಿ ನಮ್ಮ ನಾಡಿನವರೊಬ್ಬರನ್ನು ನೆನೆಯಬೇಕು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರು ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರೆಂದು ಎಲ್ಲರೂ ಬಲ್ಲರು. ಬಾಹ್ಯಾಕಾಶದ ಕಾನೂನುಗಳು ರೂಪುಗೊಳ್ಳುವ ವಿಶ್ವಸಂಸ್ಥೆಯ ಸಮಿತಿಗೆ 1997ರಿಂದ 2000ದವರೆಗೆ ಅವರು ಅಧ್ಯಕ್ಷರಾಗಿದ್ದರು, 1999ರಲ್ಲಿ ವಿಯೆನ್ನಾದ ದೊಡ್ಡ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಆ ಸಮಿತಿಯಲ್ಲಿ ಮತ ಎಣಿಸುವ ಪದ್ಧತಿಯಿಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ಮಾತು ಮುಂದೆ ಹೋಗುತ್ತದೆ. ನಮ್ಮ ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳಿದಂತೆ. ನಿಧಾನ, ಬಹಳ ನಿಧಾನ.

ನಿಧಾನವನ್ನು ಸಹಿಸದವರು ಬೇರೆ ದಾರಿ ಹಿಡಿದರು. ಕಾರಣ ನೀರು. 2008ರ ಅಕ್ಟೋಬರ್ 22ರಂದು ಹೊರಟ ನಮ್ಮ ಚಂದ್ರಯಾನ-1 ಹೊತ್ತೊಯ್ದ ಅಮೆರಿಕದ ಉಪಕರಣವೊಂದು ಚಂದ್ರನ ಮಣ್ಣಿನಲ್ಲಿ ನೀರಿನ ಅಣುಗಳ ಗುರುತು ಕಂಡಿತೆಂದು 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದರ ಸಂಕೇತಗಳು ಬಂದಿಳಿದದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದ ಆಂಟೆನಾಗಳಿಗೆ. ಧ್ರುವಗಳ ಬಳಿ, ಎಂದೂ ಬಿಸಿಲು ಬೀಳದ ಕುಳಿಗಳಲ್ಲಿ ಮಂಜುಗಡ್ಡೆಯಿದೆ. ಒಡೆದರೆ ಜಲಜನಕ, ಆಮ್ಲಜನಕ, ಅಂದರೆ ರಾಕೆಟ್ಟಿನ ಇಂಧನ. ಹೀಲಿಯಂ-3ರ ಬಗ್ಗೆ ಪತ್ರಿಕೆಗಳು ಬಹಳ ಬರೆಯುತ್ತವೆ. ಅದನ್ನು ಉರಿಸಿ ವಿದ್ಯುತ್ ತೆಗೆಯುವ ಸ್ಥಾವರ ಭೂಮಿಯ ಮೇಲೆ ಎಲ್ಲಿಯೂ ಇಲ್ಲ, ಆದ್ದರಿಂದ ಬಿಡೋಣ.

2015ರ ನವೆಂಬರಿನಲ್ಲಿ ಅಮೆರಿಕ ಕಾಯಿದೆ ಮಾಡಿತು. ತನ್ನ ಪ್ರಜೆ ಆಕಾಶಕಾಯದಿಂದ ತೆಗೆದದ್ದು ಅವನದೇ, ಇಟ್ಟುಕೊಳ್ಳಬಹುದು, ಮಾರಬಹುದು. ಆ ಕಾಯದ ಮೇಲೆ ತನಗೆ ಸಾರ್ವಭೌಮತ್ವವಿಲ್ಲವೆಂಬ ಮಾತನ್ನೂ ಜೊತೆಗೇ ಸೇರಿಸಿತು. 2017ರಲ್ಲಿ ಲಕ್ಸೆಂಬರ್ಗ್, ಆಮೇಲೆ ಸಂಯುಕ್ತ ಅರಬ್ ಸಂಸ್ಥಾನ, 2021ರಲ್ಲಿ ಜಪಾನ್ ಇದೇ ದಾರಿ ಹಿಡಿದವು. 2020ರ ಅಕ್ಟೋಬರ್ 13ರಂದು ಎಂಟು ದೇಶಗಳು ‘ಆರ್ಟೆಮಿಸ್ ಒಡಂಬಡಿಕೆ’ಗೆ ಸಹಿ ಹಾಕಿದವು. ಸಂಪತ್ತನ್ನು ತೆಗೆಯುವುದೇ ನೆಲವನ್ನು ಕಬಳಿಸಿದಂತಲ್ಲ ಎಂಬುದು ಅದರ ಮುಖ್ಯ ಮಾತು. ಅದೇ ವರ್ಷ ನಾಸಾ ಸಂಸ್ಥೆಯು ಚಂದ್ರನ ಮಣ್ಣನ್ನು ಚಂದ್ರನ ಮೇಲೆಯೇ ಕೊಳ್ಳಲು ಖಾಸಗಿ ಕಂಪನಿಗಳೊಡನೆ ಕರಾರು ಮಾಡಿಕೊಂಡಿತು. ಒಂದು ಕಂಪನಿ ಒಪ್ಪಿದ ಬೆಲೆ ಒಂದೇ ಡಾಲರ್! ಮಣ್ಣು ಬೇಕಾಗಿರಲಿಲ್ಲ, ‘ಕ್ರಯ ನಡೆಯಿತು’ ಎಂಬ ರೂಢಿ ಬೇಕಾಗಿತ್ತು. ಆ ಕಂಪನಿಯ ಪುಟ್ಟ ಗಾಡಿಯನ್ನು ಹೊತ್ತ ನೌಕೆ 2025ರ ಮಾರ್ಚಿನಲ್ಲಿ ಚಂದ್ರನ ಮೇಲೆ ಅಡ್ಡಬಿದ್ದಿತು. ವ್ಯಾಪಾರ ಅಲ್ಲಿಗೆ ನಿಂತಿತು.

ಒಡೆತನ ಶಾಸ್ತ್ರದಿಂದಲೇ ತಿಳಿಯುವಂಥದಲ್ಲ, ಲೋಕವ್ಯವಹಾರದಿಂದ ಹುಟ್ಟುವಂಥದು ಎಂಬುದು ವಿಜ್ಞಾನೇಶ್ವರನ ತೀರ್ಮಾನ. ಶಾಸ್ತ್ರವನ್ನೇ ಕೇಳದ ಗಡಿನಾಡಿನ ಜನರೂ ಕೊಡುಕೊಳ್ಳುವಿಕೆ ನಡೆಸುತ್ತಾರಲ್ಲ ಎಂಬುದು ಅವನ ಒಂದು ಯುಕ್ತಿ. ಡಾಲರಿನ ಈ ಕ್ರಯವನ್ನು ಓದಿದಾಗ ನನಗೆ ಆ ಯುಕ್ತಿ ನೆನಪಾಗಿ ಸ್ವಲ್ಪ ಭಯವೇ ಆಯಿತು. ಹತ್ತು ಜನ ಕೊಂಡು ಮಾರಿ ರೂಢಿಯಾದರೆ ಅದೇ ಕಾನೂನಾಗುತ್ತದೆ. ಬರದೇ ಉಳಿದವರ ಒಪ್ಪಿಗೆಯನ್ನು ಆಮೇಲೆ ಯಾರು ಕೇಳುತ್ತಾರೆ?

ಭಾರತ ಏನು ಮಾಡಿತು? 2023ರ ಏಪ್ರಿಲಿನಲ್ಲಿ ಪ್ರಕಟವಾದ ಭಾರತೀಯ ಬಾಹ್ಯಾಕಾಶ ನೀತಿಯು, ನಮ್ಮ ಖಾಸಗಿ ಸಂಸ್ಥೆಗಳು ಕ್ಷುದ್ರಗ್ರಹ ಮೊದಲಾದವುಗಳಿಂದ ಸಂಪತ್ತು ತೆಗೆದರೆ ಅದನ್ನು ಹೊಂದಲು, ಸಾಗಿಸಲು, ಮಾರಲು ಹಕ್ಕುಳ್ಳವೆಂದಿತು; ಅಂತರರಾಷ್ಟ್ರೀಯ ಬಾಧ್ಯತೆಗಳಿಗೆ ಒಳಪಟ್ಟು ಎಂಬ ಷರತ್ತಿನೊಡನೆ. ಅದೇ ಜೂನ್ 21ರಂದು ವಾಷಿಂಗ್ಟನ್ನಿನಲ್ಲಿ ನಮ್ಮ ರಾಯಭಾರಿ ಆರ್ಟೆಮಿಸ್ ಒಡಂಬಡಿಕೆಗೆ ಸಹಿ ಹಾಕಿದರು, ನಾವು 27ನೆಯವರು. ಎರಡು ತಿಂಗಳಿಗೆ ವಿಕ್ರಮ್ ಇಳಿಯಿತು. ಒಂದು ಕೈಯಲ್ಲಿ ‘ಎಲ್ಲರದು’ ಎಂಬ 1982ರ ಸಹಿ, ಇನ್ನೊಂದು ಕೈಯಲ್ಲಿ ‘ತೆಗೆದವನದು’ ಎಂಬ 2023ರ ಸಹಿ. ಇದನ್ನು ಕೆಲವರು ದ್ವಂದ್ವವೆನ್ನುತ್ತಾರೆ. ನಾನು ಹಾಗೆನ್ನಲಾರೆ. 1975ರಲ್ಲಿ ನಾವು ಕಡದ ಉಪಗ್ರಹದ ಕೆಳಗೆ ಕುಳಿತಿದ್ದೆವು, 2023ರಲ್ಲಿ ಯಂತ್ರವಿದ್ದವರ ಸಾಲಿಗೆ ಬಂದೆವು. ಜಾಗ ಬದಲಾದಾಗ ಮಾತೂ ಬದಲಾಗುತ್ತದೆ. ಆದರೆ ತಗ್ಗಿನ ಪಕ್ಕದಲ್ಲಿ ನಿಂತವರ ನೆನಪಿರುವ ದೇಶ ನಮ್ಮದು. ವಿಯೆನ್ನಾದಲ್ಲಿ ಅದು ಮಾತಾಡಬೇಕೆಂಬುದು ನನ್ನ ಆಸೆ.

ಹೆಸರಿಡುವುದಕ್ಕೂ ಒಡೆತನಕ್ಕೂ ಸಂಬಂಧವಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ವಿಕ್ರಮ್ ಇಳಿದ ಜಾಗಕ್ಕೆ ‘ಶಿವಶಕ್ತಿ’ ಎಂಬ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2024ರ ಮಾರ್ಚಿನಲ್ಲಿ ಅಂಗೀಕರಿಸಿತು. ಅಷ್ಟಕ್ಕೇ ಅದು ಭಾರತದ ನೆಲವಾಗಿಲ್ಲ. ಅಂತರ್ಜಾಲದಲ್ಲಿ ಚಂದ್ರನ ಮೇಲೆ ಪ್ಲಾಟು ಮಾರುವವರಿಂದ ಕೊಂಡ ಸರ್ಟಿಫಿಕೇಟನ್ನು ನಮ್ಮ ಬಂಧುಗಳಲ್ಲೊಬ್ಬರು ಚೌಕಟ್ಟು ಹಾಕಿಸಿದ್ದಾರೆ. ಅದರಿಂದ ಗೋಡೆಗೆ ಶೋಭೆ, ಮತ್ತೇನೂ ಇಲ್ಲ.

ಒಡಂಬಡಿಕೆಯಲ್ಲಿ ನನಗೆ ಅನುಮಾನ ಹುಟ್ಟಿಸುವುದು ‘ಸುರಕ್ಷತಾ ವಲಯ’ ಎಂಬ ಅಂಶ. ಚಂದ್ರನ ಮೇಲೆ ಗಾಳಿಯಿಲ್ಲ. ಒಂದು ನೌಕೆ ಇಳಿಯುವಾಗ ಎದ್ದ ಧೂಳು ಬಲು ದೂರಕ್ಕೆ ಗುಂಡಿನಂತೆ ಹಾರಿ ಪಕ್ಕದವರ ಯಂತ್ರವನ್ನು ಕೆಡಿಸಬಲ್ಲದು. ಆದ್ದರಿಂದ ಅಂತರ ಬೇಕು, ನಿಜ. ನಮ್ಮ ಖಣಿಗಳಲ್ಲಿ ಸಿಡಿಮದ್ದು ಹಾರಿಸುವ ಮೊದಲು ಕೆಂಪು ಬಟ್ಟೆ ಹಿಡಿದು ಜನರನ್ನು ತಡೆಯುವುದಿಲ್ಲವೇ? ಆದರೆ ಬಹುಕಾಲ ಬಿಸಿಲು ಸಿಗುವ ದಿಬ್ಬಗಳೂ ಮಂಜಿನ ಕುಳಿಗಳೂ ಹತ್ತಿರ ಹತ್ತಿರ ಇರುವ ಜಾಗ ದಕ್ಷಿಣ ಧ್ರುವದಲ್ಲಿ ಕೆಲವೇ ಇವೆ. ಅಲ್ಲಿ ಹಿಡಿದ ಕೆಂಪು ಬಟ್ಟೆ ಕೆಳಗಿಳಿಯದೇ ಹೋದರೆ ಅದು ಬೇಲಿಯಾಗುತ್ತದೆ. ರಷ್ಯಾ ಮತ್ತು ಚೀನಾ ಈ ಒಡಂಬಡಿಕೆಗೆ ಸೇರಿಲ್ಲ, 2021ರಲ್ಲಿ ತಮ್ಮದೇ ಚಂದ್ರಕೇಂದ್ರದ ಯೋಜನೆ ಸಾರಿದವು. ಎರಡು ಪಂಗಡದವರೂ ಕಣ್ಣಿಟ್ಟಿರುವುದು ಅದೇ ಧ್ರುವದ ಮೇಲೆ.

ವಿಶ್ವಸಂಸ್ಥೆಯ ಸಮಿತಿಯ ಕಾನೂನು ಉಪಸಮಿತಿಯು 2021ರಲ್ಲಿ ಈ ವಿಷಯಕ್ಕಾಗಿಯೇ ಒಂದು ಕಾರ್ಯತಂಡವನ್ನು ರಚಿಸಿತು. ಒಪ್ಪಬಹುದಾದ ತತ್ತ್ವಗಳನ್ನು ರೂಪಿಸಲು ಅದಕ್ಕೆ 2027ರವರೆಗೆ ಸಮಯ. ಇತ್ತ ನಮ್ಮ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-4ಕ್ಕೆ ಒಪ್ಪಿಗೆ ಕೊಟ್ಟಿತು. ಚಂದ್ರನ ಮಣ್ಣು, ಕಲ್ಲು ಹೊತ್ತು ತರುವುದೇ ಅದರ ಉದ್ದೇಶ. ಸಂಶೋಧನೆಗೆ ತಂದದ್ದು ತಂದವರದೇ ಎಂಬ ರೂಢಿ ಅಪೊಲೊ ಕಾಲದಿಂದಲೂ ಇದೆ, ಅದಕ್ಕೆ ಯಾರ ತಕರಾರೂ ಇಲ್ಲ. ಸೋವಿಯತ್ ಲೂನಾ-16 ತಂದ ಮೂರು ಕಣಗಳು 1993ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 4,42,500 ಡಾಲರಿಗೆ ಹೋದವು. ತಕರಾರು ಇರುವುದು ಟನ್ನುಗಟ್ಟಲೆ ತೆಗೆಯುವ ದಿನದ ಬಗ್ಗೆ.

ಮೊನ್ನೆ ಆ ವಿದ್ಯಾರ್ಥಿ ಮತ್ತೆ ಮನೆಗೆ ಬಂದಿದ್ದ. “ಸದ್ಯ ಯಾರಿಗೂ ಕಟ್ಟಬೇಕಾಗಿಲ್ಲಪ್ಪ” ಎಂದು ಹಳೆಯ ಬಾಕಿ ತೀರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ತಗ್ಗು ಮುಚ್ಚೋರು ಯಾರ್ರಿ ಸರ್ರ?” ಎಂದ. ಅದಕ್ಕೂ ನಾಳೆ ಹೇಳುತ್ತೇನೆಂದಿದ್ದೇನೆ. ನಿಮ್ಮಲ್ಲಿ ಕಾನೂನು ಓದಿದವರು ನಾಲ್ಕೈದು ಜನ ಇದ್ದೀರಿ. ನಾನು ಎಲ್ಲಿಯಾದರೂ ತಪ್ಪಿದ್ದರೆ ಸಂಕೋಚಪಡದೆ ತಿದ್ದಿ ಬರೆಯಿರಿ.